ಇಬ್ಬರಿಗೂ ಒಂದೇ ಬಿಳಿ ಕೋಟು

ದೆವ್ವ ಕಂಡವರು ಎದೆ ತಟ್ಟಿಕೊಂಡು ಹೇಳಿಕೊಳ್ಳುತ್ತಾರೆ. ನನಗೆ ಆ ಭಾಗ್ಯವೂ ಇಲ್ಲ. ಆ ರಾತ್ರಿ ಏನಾಯಿತು ಅಂತ ಹೇಳಬೇಕಾದರೆ, ಅದಕ್ಕೂ ಮೊದಲು ನಾನು ಆಡಿದ ಸುಳ್ಳೇನು ಅಂತ ಹೇಳಬೇಕು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಇದು ಕಟ್ಟುಕಥೆ ಅನ್ನಿಸಿದರೆ ಒಂದು ಮಾತು ಯೋಚಿಸಿ... ಕಥೆ ಕಟ್ಟುವವರು ತಮ್ಮ ಮಾನ ಉಳಿಯುವ ಹಾಗೆ ಕಟ್ಟುತ್ತಾರೆ. ತನ್ನ ಮಾನವನ್ನು ತಾನೇ ಹರಾಜಿಗಿಡುವ ಕಥೆ ಯಾರಿಗೆ ಬೇಕು?

ನನ್ನ ಹೆಸರು ಸಿಂಧು. ಊರು ಅರಸೀಕೆರೆ. ವಿಮಾನದಲ್ಲಿ ಕ್ಯಾಬಿನ್ ಕ್ರೂ. ನಮ್ಮೂರಲ್ಲಿ ಕಣ್ಣು ಅಗಲ ಮಾಡಿಕೊಂಡು 'ಏರ್ ಹೋಸ್ಟೆಸ್' ಅಂತಾರೆ. ಅದೇ ಮಾತನ್ನು ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ಹೇಳಿ ನೋಡಿ, ಆ ಕಣ್ಣು ಹೇಗೆ ಕಿರಿದಾಗುತ್ತದೆ ಅಂತ.

ಟ್ರೇನಿಂಗ್ ಹೊತ್ತಿನಲ್ಲಿ ವಿಜಯನಗರದ ಆರ್‌ಪಿಸಿ ಲೇಔಟ್‌ನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಅವರದು ಎರಡೇ ರೂಮು. ಕೆಲಸ ಶುರುವಾದ ಮೇಲೆ ರಾತ್ರಿ ಒಂದು ಗಂಟೆಗೆ ನನ್ನ ಅಲಾರಂ ಹೊಡೆದರೆ ಇಡೀ ಮನೆ ಏಳುತ್ತಿತ್ತು. ಹಾಗಾಗಿ ಟ್ರೇನಿಂಗ್ ಬ್ಯಾಚಿನವಳೇ ಆದ ಶಿಲ್ಪಾ ಜೊತೆ ಮನೆ ಹುಡುಕತೊಡಗಿದೆ. ಅವಳು ಹುಬ್ಬಳ್ಳಿಯವಳು. ಮಾತು ಸಿಡಿಲು, ಮನಸ್ಸು ಬೆಣ್ಣೆ.

ಮೊದಲು ಏರ್‌ಪೋರ್ಟ್ ಹತ್ತಿರವೇ ನೋಡಿದೆವು. ಬಾಗಲೂರು, ಯಲಹಂಕ ಎಲ್ಲ ಅಲೆದೆವು. ಪಿ.ಜಿ.ಗಳಲ್ಲಿ ರಾತ್ರಿ ಹತ್ತಕ್ಕೆ ಗೇಟು ಬೀಗ. ಫ್ಲಾಟುಗಳಲ್ಲಿ ಹಳೇ ಕ್ರೂ ಹುಡುಗಿಯರು ಆಗಲೇ ಹಾಸಿಗೆಗೊಬ್ಬರಂತೆ ತುಂಬಿದ್ದರು. ಸ್ವತಂತ್ರ ಮನೆಯ ಮಾಲೀಕರೊಬ್ಬರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸರಿರಾತ್ರೀಲಿ ಲಿಪ್‌ಸ್ಟಿಕ್ ಹಚ್ಕೊಂಡು ಕಾರು ಹತ್ತೋ ಹುಡುಗೀರು ನಮಗೆ ಬೇಡಮ್ಮ, ಇದು ಸಂಸಾರಸ್ಥರ ಬೀದಿ" ಅಂದರು. ಶಿಲ್ಪಾ ಬಿಡುತ್ತಾಳೆಯೇ? "ಹಂಗಾರ ಹಗಲೊತ್ನ್ಯಾಗ ಹಚ್ಚಕೊಂಡ್ರ ನಡೀತದೇನ್ರಿ?" ಅಂದಳು. ಅಲ್ಲಿಗೆ ಆ ಮನೆಯೂ ಹೋಯಿತು.

ಕೊನೆಗೆ, ಕಂಪನಿ ಕ್ಯಾಬು ವಿಜಯನಗರದ ಕಡೆಗೂ ಬರುತ್ತದೆ ಅಂತ ತಿಳಿದು, ಚಿಕ್ಕಮ್ಮನ ಮನೆಗೆ ಹತ್ತಿರವಾದ ಮೂಡಲಪಾಳ್ಯಕ್ಕೆ ಬಂದೆವು. ಒಂದು ಅಡ್ಡರಸ್ತೆಯಲ್ಲಿ 'ಟು ಲೆಟ್' ಬೋರ್ಡು. ಕೆಳಗೆ ಮಾಲೀಕರು, ಮೇಲೆ ಒಂದು ರೂಮು, ಅಡುಗೆಮನೆ, ಬಚ್ಚಲು. ಮೆಟ್ಟಿಲು ಹೊರಗಡೆಯಿಂದ. ಮನೆಯೊಡತಿ ವಸಂತಾ ಆಂಟಿಗೆ ಐವತ್ತರ ಆಸುಪಾಸು. ಗಂಡ ಲಾರಿ ಓಡಿಸುತ್ತಾರೆ, ವಾರಕ್ಕೊಮ್ಮೆ ಬಂದರೆ ಹೆಚ್ಚು. ಮನೆಯಲ್ಲಿ ಅವರು ಮತ್ತು ಅವರ ಅತ್ತೆ, ನಂಜಮ್ಮಜ್ಜಿ.

"ಏನ್ ಕೆಲಸ ನಿಮ್ದು?" ಆಂಟಿ ಕೇಳಿದರು.

"ಶಿಫ್ಟು ಆಂಟಿ. ನೈಟೂ ಇರುತ್ತೆ" ಅಂದೆ ನಾನು, ಹೆದರಿಕೊಂಡೇ.

"ನೈಟ್ ಡ್ಯೂಟಿನಾ? ಆಸ್ಪತ್ರೇಲಾ?"

ಅವರ ಮುಖ ಅರಳಿತು ನೋಡಿ... ಅಷ್ಟು ಮನೆಗಳ ಮೆಟ್ಟಿಲಿಳಿದು ಸೋತಿದ್ದ ನನಗೆ, ಬೆಂಗಳೂರಿನಲ್ಲಿ ಮೊದಲ ಸಲ ಒಬ್ಬರು ನಮ್ಮನ್ನು ಕಂಡು ಖುಷಿಪಟ್ಟಿದ್ದರು. ನಾನು ಕತ್ತು ಆಡಿಸಿದೆ. "ಹೂಂ ಆಂಟಿ. ನರ್ಸು. ಇಬ್ಬರೂ."

ಆಂಟಿ ನನ್ನ ಎರಡೂ ಕೈ ಹಿಡಿದುಕೊಂಡುಬಿಟ್ಟರು. "ದೇವರೇ ಕಳಿಸ್ದಂಗಾಯ್ತಲ್ಲಮ್ಮ! ನಮ್ಮತ್ತೆಗೆ ಹುಷಾರಿರಲ್ಲ. ರಾತ್ರಿ ಹೊತ್ತು ನಾನೊಬ್ಳೇ... ಜೀವ ಕೈಲಿ ಹಿಡ್ಕೊಂಡ್ ಮಲಗ್ತೀನಿ."

ಅಲ್ಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಶಿಲ್ಪಾ ನನ್ನ ಕಾಲು ತುಳಿದಳು, ನಾನು ಹಲ್ಲು ಕಿರಿದೆ. ಮನೆ ನಮ್ಮದಾಯಿತು.

ಈಗ ಯೂನಿಫಾರಂದೇ ಸಮಸ್ಯೆ. ಮಂಡಿಯವರೆಗಿನ ಸ್ಕರ್ಟು, ಕುತ್ತಿಗೆಗೆ ಸ್ಕಾರ್ಫು, ಕೆಂಪು ತುಟಿ... ಯಾವ ಆಸ್ಪತ್ರೆಯಲ್ಲಿ ನರ್ಸು ಹೀಗಿರುತ್ತಾಳೆ? ಶಿಲ್ಪಾ ಒಂದು ಉದ್ದನೆಯ ಬಿಳಿ ಕೋಟು ತಂದಳು, ಡಾಕ್ಟರುಗಳು ಹಾಕುತ್ತಾರಲ್ಲ, ಅಂಥದ್ದು. ನರ್ಸುಗಳು ಅದನ್ನು ಹಾಕುತ್ತಾರೋ ಇಲ್ಲವೋ ನಮಗೂ ಗೊತ್ತಿರಲಿಲ್ಲ, ಆಂಟಿಗೂ ಗೊತ್ತಿರಲಿಲ್ಲ. ಇಬ್ಬರೂ ಒಟ್ಟಿಗೆ ಹೊರಡುವ ದಿನ ಅಪರೂಪ, ಹಾಗಾಗಿ ಇಬ್ಬರಿಗೂ ಒಂದೇ ಕೋಟು. ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತಿದ್ದೆವು. ಹೊರಡುವವಳು ಯೂನಿಫಾರಂ ಮೇಲೆ ಅದನ್ನು ತೊಟ್ಟು, ಕತ್ತಿನವರೆಗೆ ಗುಂಡಿ ಹಾಕಿ, ಬಾಯಿಗೆ ಮಾಸ್ಕ್ ಏರಿಸಿ ಮೆಟ್ಟಿಲಿಳಿಯಬೇಕು. ಸೂಟ್‌ಕೇಸ್ ಯಾಕೆ ಅಂತ ಒಮ್ಮೆ ಆಂಟಿ ಕೇಳಿದ್ದಕ್ಕೆ, "ಆಪರೇಷನ್ ಸಾಮಾನು" ಅಂದಿದ್ದಳು ಶಿಲ್ಪಾ ಮಹಾತಾಯಿ.

ಕ್ಯಾಬ್ ಡ್ರೈವರ್ ಮಂಜಣ್ಣ ಹೇರೋಹಳ್ಳಿಯವರು. ಅವರಿಗೆ ಈ ನಾಟಕ ನೋಡುವುದೇ ಮಜಾ. ರಿಂಗ್ ರೋಡ್ ಬಂದ ಕೂಡಲೇ, "ಡಾಕ್ಟ್ರಮ್ಮ, ವೇಷ ಕಳಚಿ, ಏರ್‌ಪೋರ್ಟ್ ಕಡೆ ತಿರುಗ್ತಿದೀವಿ" ಅಂತ ಕನ್ನಡಿಯಲ್ಲಿ ನೋಡಿ ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಆದರೆ ಸುಳ್ಳಿಗೆ ಬಾಡಿಗೆ ಬೇರೆ ಕಟ್ಟಬೇಕಾಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಮನೆಯಲ್ಲಿದ್ದ ಸಂಜೆಗಳಲ್ಲಿ ಆಂಟಿ ಕೂಗುತ್ತಿದ್ದರು. "ಸಿಸ್ಟರ್, ಒಂಚೂರು ಅತ್ತೆ ನಾಡಿ ನೋಡ್ತೀರಾ?" ಶಿಲ್ಪಾ ಬಾತ್‌ರೂಮಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಹೋಗುತ್ತಿದ್ದವಳು ನಾನು.

ಅಜ್ಜಿಯ ಕೋಣೆಯ ಕಿಟಕಿ ಮನೆಯ ಪಕ್ಕದ ಸಂದಿಗೆ ತೆರೆಯುತ್ತದೆ. ಒಂದು ಮಂಚ, ಗೋಡೆ ಗಡಿಯಾರ, ವಿಭೂತಿ ಗಟ್ಟಿ, ನೋವಿನ ಮುಲಾಮಿನ ಘಾಟು. ಕಡ್ಡಿಯಂಥ ಕೈ ಚಾಚಿ ಅಜ್ಜಿ "ಬಾರವ್ವ" ಅನ್ನುತ್ತಿದ್ದರು. ನಾನು ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ಕೂರುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ, "ಚೆನ್ನಾಗಿದೆ ಅಜ್ಜಿ, ಏನೂ ಇಲ್ಲ. ನೆಮ್ಮದಿಯಾಗಿ ಮಲಗಿ" ಅಂತ ಹೇಳಿ ಏಳುತ್ತಿದ್ದೆ.

ನಾಡಿ ಎಣಿಸಲು ನನಗೆ ಬರುತ್ತದೆ. ಪ್ರಥಮ ಚಿಕಿತ್ಸೆ ನಮ್ಮ ಟ್ರೇನಿಂಗಿನಲ್ಲೇ ಇದೆ. ಅದೇ ನಾಚಿಕೆಗೇಡು. ಬರುತ್ತಿದ್ದರೂ ಒಂದು ದಿನವೂ ನಾನು ಎಣಿಸಲಿಲ್ಲ. ಎಣಿಸಿ ಸಂಖ್ಯೆ ಹೆಚ್ಚುಕಡಿಮೆ ಬಂದರೆ ಏನು ಹೇಳಬೇಕು? ಮುಂದೇನು ಮಾಡಬೇಕು? ಸುಳ್ಳು ಹೊರಬಿದ್ದರೆ? ಎಣಿಸದಿದ್ದರೆ ಎಲ್ಲವೂ ಚೆನ್ನಾಗಿಯೇ ಇರುತ್ತದಲ್ಲ. ಗಡಿಯಾರ ನೋಡುತ್ತಾ ನಾನು ಮರುದಿನದ ಡ್ಯೂಟಿ ಬಗ್ಗೆ ಯೋಚಿಸುತ್ತಿದ್ದೆ. ಏಳುವಾಗ ಆಂಟಿ ಒಂದು ಬಟ್ಟಲು ಹುರುಳಿ ಸಾರು ಕೊಡುತ್ತಿದ್ದರು, ಅದನ್ನೂ ಇಸಿದುಕೊಂಡು ಬರುತ್ತಿದ್ದೆ. ತಿನ್ನುತ್ತಲೂ ಇದ್ದೆ.

ಆ ದಿನ ಸಂಜೆ ಅಜ್ಜಿ ನನ್ನ ಕೈ ಬಿಡಲಿಲ್ಲ.

"ಯಾಕೋ ರಾತ್ರಿ ಮಲಗಿದ್ರೆ ಎದೆ ಮ್ಯಾಲೆ ಯಾರೋ ಕೂತಂಗಾಯ್ತದೆ ಕಣವ್ವ. ಬೆವರು ಬತ್ತದೆ" ಅಂದರು.

ಅಂಥ ಮಾತು ಕೇಳಿದರೆ ವಿಮಾನದಲ್ಲಾದರೆ ಸುಮ್ಮನೆ ಕೂರುವ ಹಾಗಿಲ್ಲ ಅಂತ ನಮಗೆ ಕಲಿಸಿದ್ದಾರೆ. ಆಂಟಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. "ಆಸ್ಪತ್ರೆಗೆ ಕರ್ಕೊಂಡ್ ಹೋಗೋಣ" ಅಂದರೆ "ನಿಮ್ಮ ಆಸ್ಪತ್ರೆಗೇ ಹೋಗೋಣ ಸಿಸ್ಟರ್" ಅಂತಾರೆ. ಯಾವ ಆಸ್ಪತ್ರೆ ಅಂತ ಹೇಳಲಿ?

"ಗ್ಯಾಸು ಅಜ್ಜಿ" ಅಂದೆ. "ಓಂಕಾಳು ನೀರು ಕುಡೀರಿ. ಸರಿಹೋಗುತ್ತೆ."

"ಸಿಸ್ಟರೇ ಹೇಳಿದ್ಮೇಲೆ ಇನ್ನೇನು" ಅಂತ ಆಂಟಿ ನಿಟ್ಟುಸಿರು ಬಿಟ್ಟರು. ನಾನು ಮೇಲೆ ಹೋಗಿ ಬೇಗ ಮಲಗಿದೆ, ರಾತ್ರಿ ಒಂದೂವರೆಗೆ ಕ್ಯಾಬಿತ್ತು. ನಿದ್ದೆ ಬಂತು ಅಂತ ಹೇಳಿಕೊಳ್ಳುವುದಕ್ಕೂ ನಾಚಿಕೆ, ಆದರೆ ಬಂತು.

ಅಲಾರಂ ಹೊಡೆದಾಗ ಬೀದಿಯಲ್ಲಿ ಒಂದು ನಾಯಿಯ ಸದ್ದೂ ಇರಲಿಲ್ಲ. ತಲೆ ಬಾಚಿ, ತುರುಬು ಕಟ್ಟಿ, ಬಲೆ ಹಾಕಿ, ಪಿನ್ನು ಚುಚ್ಚಿ ತಯಾರಾದೆ. ಕೋಟಿಗೆ ಕೈಚಾಚಿದರೆ... ಮೊಳೆ ಖಾಲಿ.

ಶಿಲ್ಪಾ ಬೆಳಿಗ್ಗೆಯೇ ಹೊರಟಿದ್ದಳು. ಕೋಲ್ಕತ್ತಾದಲ್ಲಿ ರಾತ್ರಿ ತಂಗಿ ಮರುದಿನ ಬರುವ ಡ್ಯೂಟಿ ಅವಳದು. ಕೋಟನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಹೋಗಿರಬೇಕು ಅಂತ ಅವಳಿಗೆ ಹಿಡಿಶಾಪ ಹಾಕಿ, ಒಂದು ಶಾಲು ಸುತ್ತಿಕೊಂಡೆ. ಸೂಟ್‌ಕೇಸಿನ ಚಕ್ರ ಸದ್ದಾಗದಂತೆ ಎತ್ತಿ ಹಿಡಿದು ಕಳ್ಳಿಯ ಹಾಗೆ ಮೆಟ್ಟಿಲಿಳಿದೆ.

ಸಂದಿಯಲ್ಲಿ ಬೆಳಕು ಬಿದ್ದಿತ್ತು. ಅಜ್ಜಿಯ ಕೋಣೆಯ ದೀಪ ಉರಿಯುತ್ತಿತ್ತು.

ನನ್ನ ಕಾಲು ಅಲ್ಲೇ ನಿಂತಿತು. ಗೇಟಿಗೆ ಹೋಗಬೇಕಾದರೆ ಆ ಕಿಟಕಿಯ ಮುಂದೆಯೇ ಹಾಯಬೇಕು. ಬಗ್ಗಿಕೊಂಡು ದಾಟಿಬಿಡೋಣ ಅಂತ ಬಗ್ಗಿದೆ. ಆಗ ಒಳಗಿನಿಂದ ಮೆಲ್ಲಗೆ ಒಂದು ದನಿ ಕೇಳಿತು.

"ಹನ್ನೊಂದು... ಹನ್ನೆರಡು... ಹದಿಮೂರು..."

ಪರದೆಯ ಸೀಳಿನಲ್ಲಿ ನೋಡಿದೆ. ಅಜ್ಜಿ ದಿಂಬಿಗೆ ಒರಗಿದ್ದರು, ಕಣ್ಣು ಮುಚ್ಚಿತ್ತು. ಮಂಚದ ಅಂಚಿನಲ್ಲಿ ಬಿಳಿ ಕೋಟು ಹಾಕಿದ ಒಬ್ಬಳು ನನಗೆ ಬೆನ್ನು ಮಾಡಿ ಕೂತಿದ್ದಳು. ಬಲೆ ಹಾಕಿದ ತುರುಬು. ಅಜ್ಜಿಯ ಮಣಿಕಟ್ಟು ಅವಳ ಕೈಯಲ್ಲಿತ್ತು. ಅವಳು ಗಡಿಯಾರದ ಕಡೆಗೆ ಕತ್ತು ಎತ್ತಿದ್ದಳು. ಉಸಿರು ಬಿಗಿಹಿಡಿದು, ಒಂದೊಂದನ್ನೂ ತೂಗಿ ಎಣಿಸುತ್ತಿದ್ದಳು.

ಶಿಲ್ಪಾ! ಫ್ಲೈಟ್ ರದ್ದಾಗಿ ವಾಪಸ್ ಬಂದಿದ್ದಾಳೆ, ಮೆಟ್ಟಿಲು ಹತ್ತುವ ಮೊದಲೇ ಆಂಟಿಯ ಕೈಗೆ ಸಿಕ್ಕಿಬಿದ್ದಿದ್ದಾಳೆ ಅಂದುಕೊಂಡೆ.

ಆಗ ನನಗಾದದ್ದು ಭಯವಲ್ಲ. ಖುಷಿ. ಹೌದು, ಖುಷಿ. ಅಬ್ಬ, ಬಚಾವಾದೆ, ಇವತ್ತು ಸಿಕ್ಕಿಬಿದ್ದವಳು ನಾನಲ್ಲ ಅಂತ. ಅಜ್ಜಿಗೆ ಏನಾಗಿದೆ ಅಂತ ಒಂದು ಕ್ಷಣವೂ ಯೋಚಿಸಲಿಲ್ಲ. ಬಗ್ಗಿಕೊಂಡೇ ಕಿಟಕಿ ದಾಟಿ, ಗೇಟಿನ ಚಿಲಕವನ್ನು ಬೆರಳಲ್ಲಿ ಎತ್ತಿ, ಓಡಿ ಕ್ಯಾಬು ಹತ್ತಿದೆ.

"ಇವತ್ತೇನು ಕೋಟಿಲ್ಲ?" ಅಂದರು ಮಂಜಣ್ಣ.

"ಇವತ್ತು ಬೇರೆಯವರ ಡ್ಯೂಟಿ" ಅಂದೆ. ನಕ್ಕೆ ಕೂಡ.

ಸುಮನಹಳ್ಳಿ ಬ್ರಿಡ್ಜ್ ದಾಟುವಾಗ ಫೋನ್ ಮಿನುಗಿತು. ಶಿಲ್ಪಾ ಕಳಿಸಿದ ಫೋಟೋ. ಹೋಟೆಲಿನ ಮಂಚದ ಮೇಲೆ ಕೂತು ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುತ್ತಿದ್ದಾಳೆ. ಕೆಳಗೆ ಒಂದು ಸಾಲು: "ನಿದ್ದೀನ ಬರವಲ್ತು. ಕೋಲ್ಕತ್ತಾ ಚಾ ಮಸ್ತ್ ಅದ. ನೀ ಹೊಂಟಿ?"

ನಾನು ಅದನ್ನು ಎರಡು ಸಲ ಓದಿದೆ. ಅವಳಿಗೆ ಫೋನ್ ಮಾಡಿದೆ.

"ಎಲ್ಲಿದ್ದೀಯೇ?"

"ಏ ಹುಚ್ಚಿ, ಫೋಟೋ ಕಾಣವಲ್ತೇನು? ಕೋಲ್ಕತ್ತಾದಾಗ."

"ಕೋಟು ನೀನು ತಗೊಂಡು ಹೋಗಿದ್ದೀಯಾ?"

"ಇಲ್ಲಬೇ. ಮೊಳಿಗೇ ಹಾಕಿ ಬಂದೀನಿ. ನನಗ್ಯಾಕ ಬೇಕಿತ್ತು, ಆಂಟಿ ಬೆಳಿಗ್ಗೆ ಗುಡಿಗೆ ಹೋಗಿದ್ರು."

ಕೂಡಲೇ ಆಂಟಿಗೆ ಫೋನ್ ಮಾಡಿದೆ. ಒಳಗೆ ಕೂತಿರುವವರು ಯಾರು ಅಂತ ಕೇಳಬೇಕಿತ್ತು... ಹೇಗೆ ಕೇಳಬೇಕು ಅಂತ ಗೊತ್ತಿರಲಿಲ್ಲ. ರಿಂಗಾಯಿತು. ಯಾರೋ ಎತ್ತಿದರು.

"ಹಲೋ ಆಂಟಿ?"

ಮಾತಿಲ್ಲ. ಗಡಿಯಾರದ ಟಿಕ್ ಟಿಕ್. ಆಮೇಲೆ ಬಹಳ ಹತ್ತಿರದಿಂದ, ಫೋನಿಗೆ ಬಾಯಿ ತಾಗಿಸಿದಷ್ಟು ಹತ್ತಿರದಿಂದ...

"ನಲವತ್ತೊಂದು... ನಲವತ್ತೆರಡು... ನಲವತ್ಮೂರು..."

ಮಾಮೂಲಿ ಜನಕ್ಕೆ ತಮ್ಮ ದನಿ ಹೊರಗಿನಿಂದ ಕೇಳಿದರೆ ಗುರುತು ಸಿಗುವುದಿಲ್ಲ. ನಮಗೆ ಹಾಗಲ್ಲ. ಟ್ರೇನಿಂಗಿನಲ್ಲಿ ನಮ್ಮ ಅನೌನ್ಸ್‌ಮೆಂಟನ್ನು ರೆಕಾರ್ಡ್ ಮಾಡಿ, ತಪ್ಪು ತಿದ್ದುವುದಕ್ಕೆ ಮತ್ತೆ ಮತ್ತೆ ನಮಗೇ ಕೇಳಿಸುತ್ತಿದ್ದರು. ವಾರಗಟ್ಟಲೆ ನನ್ನ ದನಿ ನಾನು ಕೇಳಿದ್ದೇನೆ. 'ರ' ಬಂದರೆ ನಾಲಿಗೆ ಸ್ವಲ್ಪ ತೊದಲುತ್ತದೆ, ಮೇಡಂ ಅದಕ್ಕೇ ಬೈಯುತ್ತಿದ್ದರು.

ನಲವತ್ತೆರಡು ಅನ್ನುವಾಗ ಆ 'ರ' ತೊದಲಿತು. ಅದು ನನ್ನ ದನಿ.

ಫೋನ್ ಕೈಯಿಂದ ಜಾರಿ ಕಾಲ ಹತ್ತಿರ ಬಿತ್ತು. ಎತ್ತಿಕೊಂಡಾಗ ಲೈನು ಕಟ್ಟಾಗಿತ್ತು. ಮತ್ತೆ ಮಾಡಿದರೆ ಬರೀ ರಿಂಗು.

"ಮಂಜಣ್ಣ, ಗಾಡಿ ನಿಲ್ಸಿ" ಅಂದೆ.

ಅವರು ಪಕ್ಕಕ್ಕೆ ಹಾಕಿದರು. "ಏನಾಯ್ತು ಮೇಡಂ? ಹುಷಾರಿಲ್ವಾ? ವಾಪಸ್ ಹೋಗ್ಬೇಕಾ? ಹೇಳಿ, ಹೋದ್ರೆ ಮಾತ್ರ ನಿಮ್ಮ ಫ್ಲೈಟ್ ಸಿಗಲ್ಲ."

ಇನ್ನೂ ಪ್ರೊಬೇಷನ್. ಹೇಳದೆ ಕೇಳದೆ ಡ್ಯೂಟಿ ತಪ್ಪಿಸಿದರೆ ಕೆಲಸವೇ ಹೋಗಬಹುದು. ಅದು ಒಂದು. ಇನ್ನೊಂದು, ವಾಪಸ್ ಹೋದರೆ ಆ ಕೋಣೆಯ ಬಾಗಿಲು ತೆರೆಯಬೇಕು. ಕೋಟು ತೊಟ್ಟವಳು ತಿರುಗಿ ನೋಡಿದರೆ... ಆ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಒಳಗೊಬ್ಬ ಮುದುಕಿ ಸಾಯುತ್ತಿರಬಹುದು ಅಂತ ಗೊತ್ತಿದ್ದೂ, ನಾನು ಹಾಳಾದ ಆ ಸೀಟಿನಲ್ಲಿ ಕೂತೇ ಇದ್ದೆ.

"ಏನಿಲ್ಲ ಮಂಜಣ್ಣ. ಹೋಗೋಣ" ಅಂದೆ.

ಟೇಕಾಫ್ ಹೊತ್ತಿಗೆ ನಾವು ಮಡಚುವ ಸೀಟಿನಲ್ಲಿ, ಕೈಗಳನ್ನು ತೊಡೆಯ ಕೆಳಗಿಟ್ಟು ನೆಟ್ಟಗೆ ಕೂರುತ್ತೇವೆ. ಆ ಅರೆ ನಿಮಿಷ ಯಾರೂ ಮಾತಾಡುವುದಿಲ್ಲ. ಅಪಾಯವಾದರೆ ಏನೇನು ಮಾಡಬೇಕು ಅಂತ ಮನಸ್ಸಿನಲ್ಲೇ ಒಂದು ಸಲ ಓಡಿಸಬೇಕು. ಅವತ್ತು ನನ್ನ ತಲೆಯಲ್ಲಿ ಒಂದೂ ಓಡಲಿಲ್ಲ. ತೊಡೆಯ ಕೆಳಗೆ ನನ್ನ ಮಣಿಕಟ್ಟಿನ ನಾಡಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಪಕ್ಕದಲ್ಲಿದ್ದ ಸೀನಿಯರ್ ಬಗ್ಗಿ ಮೆಲ್ಲಗೆ ಕೇಳಿದರು, "ಏನದು ಸಿಂಧು, ಏನು ಎಣಿಸ್ತಾ ಇದ್ದೀಯ?"

ನನ್ನ ತುಟಿ ಅಲ್ಲಾಡುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಕ್ಯಾಬು ಇಳಿದಾಗ ಗೇಟಿನಲ್ಲಿ ನಾಲ್ಕು ಜನ ನಿಂತಿದ್ದರು. ಬಾಗಿಲಲ್ಲಿ ಬೇರೆಯವರ ಚಪ್ಪಲಿಗಳು. ಮುಗೀತು, ಅಜ್ಜಿ ಹೋದರು, ನಾನೇ ಕೊಂದೆ ಅಂದುಕೊಂಡೆ. ಶಾಲು ಬಿಗಿದುಕೊಂಡು ಎಲ್ಲವನ್ನೂ ಒಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ, ಆಂಟಿ ಓಡಿಬಂದು ನನ್ನನ್ನು ತಬ್ಬಿಕೊಂಡರು.

"ನನ್ ತಾಯಿ! ನೀವಿಲ್ದಿದ್ರೆ ನಮ್ಮತ್ತೆ ಇವತ್ತು ಇರ್ತಿರ್ಲಿಲ್ಲ!"

ಬೀದಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು, ದೇವರನ್ನು ನೋಡುವ ಹಾಗೆ. ಆಂಟಿ ಅಳುತ್ತಾ ನಗುತ್ತಾ ಹೇಳಿದರು. ರಾತ್ರಿ ಬಾಗಿಲು ಬಡಿದ ಸದ್ದಾಯಿತಂತೆ. ತೆರೆದರೆ ನಾನು. ಬಿಳಿ ಕೋಟು, ಮಾಸ್ಕು. ಒಂದು ಮಾತೂ ಆಡದೆ ನೇರ ಅಜ್ಜಿಯ ಕೋಣೆಗೆ ಹೋದೆನಂತೆ. ಅಜ್ಜಿ ಬೆವರಿನಲ್ಲಿ ತೊಯ್ದು, ಕೂಗಲೂ ಆಗದೆ ಮಲಗಿದ್ದರು. ನಾನು ಕೈ ಹಿಡಿದು ಬಹಳ ಹೊತ್ತು ಎಣಿಸಿದೆನಂತೆ, ಮತ್ತೆ ಮತ್ತೆ ಎಣಿಸಿದೆನಂತೆ. ಆಮೇಲೆ ತಲೆಯೆತ್ತದೆ, "ಎಣಿಕೆ ತಪ್ತಾ ಇದೆ ಆಂಟಿ. ಆಂಬುಲೆನ್ಸ್ ಕರೀರಿ" ಅಂದೆನಂತೆ.

"ಆಂಬುಲೆನ್ಸ್ ಬರೋವರ್ಗೂ ಕೈ ಬಿಡ್ಲಿಲ್ವಲ್ಲಮ್ಮ ನೀವು! ಇನ್ನೊಂದ್ ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು ಡಾಕ್ಟ್ರು. ನಾನು ತಿರುಗಿ ನೋಡೋಷ್ಟರಲ್ಲಿ ಡ್ಯೂಟಿಗೆ ಹೊರಟೋಗಿದ್ರಿ. ಒಂದ್ ಥ್ಯಾಂಕ್ಸೂ ಹೇಳಕ್ಕಾಗ್ಲಿಲ್ಲ."

"ಆಂಟಿ... ನಾನು ಫೋನ್ ಮಾಡಿದ್ದೆ, ನೀವು ಎತ್ತಿದ್ರಾ?"

"ಫೋನಾ? ಅದು ಅತ್ತೆ ಮಂಚದ ಮೇಲೇ ಇತ್ತು. ನಾನು ಆಂಬುಲೆನ್ಸ್‌ಗೆ ದಾರಿ ತೋರ್ಸಕ್ಕೆ ಬೀದಿ ತುದೀಲಿದ್ದೆ. ನೀವೇ ತಾನೇ ಪಕ್ಕದಲ್ಲಿದ್ದಿದ್ದು?"

"ಆಂಟಿ, ಅದು ನಾನಲ್ಲ" ಅಂದೆ. ದೇವರಾಣೆ ಅಂದೆ. "ನಾನು ಅಲ್ಲಿರಲೇ ಇಲ್ಲ."

ಆಂಟಿ ನನ್ನ ಗಲ್ಲ ಹಿಡಿದರು. "ನೋಡ್ರೀ, ಮಾಡಿದ್ದನ್ನ ಮಾಡ್ದೆ ಅಂತಾನೂ ಹೇಳ್ಕೊಳಲ್ಲ. ಎಂಥಾ ದೊಡ್ಡ ಮನಸ್ಸು!"

ಪಕ್ಕದ ಮನೆಯವರು ಹೌದು ಹೌದು ಅಂತ ತಲೆಯಾಡಿಸಿದರು. ಆ ಕ್ಷಣದಷ್ಟು ಸಣ್ಣವಳು ನಾನು ಎಂದೂ ಆಗಿರಲಿಲ್ಲ. ಬೈದಿದ್ದರೆ, ಉಗಿದಿದ್ದರೆ, ಸಾಮಾನು ಬೀದಿಗೆಸೆದಿದ್ದರೆ ಹಗುರಾಗುತ್ತಿದ್ದೆ. ತಲೆ ತಗ್ಗಿಸಿಕೊಂಡು ಮೆಟ್ಟಿಲು ಹತ್ತಿದೆ.

ಬಾಗಿಲಿಗೆ ನಾನು ಹಾಕಿದ್ದ ಬೀಗ ಹಾಗೆಯೇ ಇತ್ತು. ಒಳಗೆ ಹೋಗಿ ಕದ ಮುಚ್ಚಿ ತಿರುಗಿದರೆ, ಮೊಳೆಯ ಮೇಲೆ ಕೋಟು.

ಎಷ್ಟೋ ಹೊತ್ತು ಅದನ್ನು ಮುಟ್ಟಲಿಲ್ಲ. ಮೂಗು ಹತ್ತಿರ ಒಯ್ದಾಗ ನೋವಿನ ಮುಲಾಮಿನ ವಾಸನೆ ಬಂತು. ಬಲತೋಳಿನ ಅಂಚಿನಲ್ಲಿ ವಿಭೂತಿ ಮೆತ್ತಿತ್ತು. ಅಜ್ಜಿಯ ಕೋಣೆಗೆ ನಾನು ಕೋಟು ಹಾಕಿಕೊಂಡು ಒಮ್ಮೆಯೂ ಹೋದವಳಲ್ಲ.

ಸಂಜೆ ಬಂದ ಶಿಲ್ಪಾಗೆ ಎಲ್ಲ ಹೇಳಿದೆ. ಮೊದಲು ನಕ್ಕಳು. ತೋಳು ತೋರಿಸಿದೆ. ನಗು ನಿಂತಿತು. ಕೋಟಿನಿಂದ ದೂರ ಸರಿದು ಗೋಡೆಗೆ ಆತುಕೊಂಡಳು.

"ಕಿಟಕ್ಯಾಗ ನೋಡಿದಾಗ ನಿನಗ ಗುರುತು ಸಿಗಲಿಲ್ಲೇನು?" ಅಂತ ಪಿಸುಗುಟ್ಟಿದಳು.

"ಬೆನ್ನು ಮಾತ್ರ ಕಂಡಿದ್ದು ಕಣೇ."

ತನ್ನ ಬೆನ್ನು ತನಗೆ ಕಾಣುವುದಿಲ್ಲ ಅಂತ ನಮ್ಮಮ್ಮ ಆಗಾಗ ಅನ್ನುತ್ತಿದ್ದರು. ಅವರು ಅಂದದ್ದು ಬೇರೆ ಅರ್ಥದಲ್ಲಿ. ಆದರೆ ಆ ಸಂಜೆ ಎರಡೂ ಅರ್ಥ ನನ್ನ ಮೈಮೇಲೆ ಒಟ್ಟಿಗೆ ಬಿದ್ದವು.

"ನಾಳೆ ಆಂಟಿಗೆ ನಿಜ ಹೇಳ್ತೀನಿ" ಅಂದೆ. "ನಾವು ನರ್ಸಲ್ಲ ಅಂತ."

"ಹೇಳು" ಅಂದಳು ಶಿಲ್ಪಾ. "ಆದ್ರ ಮತ್ತ ಮನಿ ಹುಡುಕೂದು ನನ್ನ ಕೈಲೆ ಆಗಂಗಿಲ್ಲ ನೋಡು." ಆಮೇಲೆ ಅವಳೇ ಅತ್ತಳು.

ಅಜ್ಜಿ ಆಸ್ಪತ್ರೆಯಿಂದ ಬಂದ ದಿನ ಯಾರೂ ಕರೆಯದೆಯೇ ನಾನು ಕೆಳಗೆ ಹೋದೆ. ಮೊದಲು ಅಜ್ಜಿಯ ನಾಡಿ ನೋಡುತ್ತೇನೆ, ಈ ಸಲ ನಿಜವಾಗಿ ಎಣಿಸುತ್ತೇನೆ, ಆಮೇಲೆ ಬಾಯಿ ಬಿಡುತ್ತೇನೆ ಅಂತ ನಿಶ್ಚಯ ಮಾಡಿಕೊಂಡಿದ್ದೆ. ಆಂಟಿ ಕಾಫಿ ಕಾಸಲು ಒಳಗೆ ಹೋದರು. ಅಜ್ಜಿ ಎಂದಿನಂತೆ ಕೈ ಚಾಚಿದರು. ಬೆರಳನ್ನು ಸರಿಯಾದ ಜಾಗಕ್ಕಿಟ್ಟೆ. ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತಾ ತುಟಿಯಲ್ಲೇ ಎಣಿಸತೊಡಗಿದೆ. ಒಂದು... ಎರಡು... ಮೂರು...

ಅಜ್ಜಿ ಕಣ್ಣು ತೆರೆದರು. ನನ್ನ ಬೆರಳುಗಳನ್ನು ನೋಡಿದರು. ಆಮೇಲೆ ನಿಧಾನವಾಗಿ, ನೋವಾಗದ ಹಾಗೆ, ತಮ್ಮ ಕೈ ಬಿಡಿಸಿಕೊಂಡರು.

"ಇದು ಆ ಕೈ ಅಲ್ಲ ಕಣವ್ವ" ಅಂದರು.

"ಅಜ್ಜಿ..."

"ಅವತ್ತು ಬಂದೋಳು ಎಣಿಸ್ತಿದ್ಲು. ನೀನು ಯಾವತ್ತೂ ಎಣಿಸ್ಲಿಲ್ಲ. ನನ್ ಕೈ ಹಿಡ್ಕೊಂಡು ಇನ್ನೆಲ್ಲೋ ಇರ್ತಿದ್ದೆ. ಮುದುಕೀರಿಗೆ ಅಷ್ಟೂ ತಿಳಿಯಕ್ಕಿಲ್ವಾ?"

ಅಲ್ಲೇ ಮಂಚದ ಪಕ್ಕ ಕುಸಿದು ಕೂತೆ. ಎಲ್ಲ ಹೇಳಿದೆ. ನಾನು ನರ್ಸಲ್ಲ, ವಿಮಾನದಲ್ಲಿ ಕೆಲಸ, ಮನೆ ಸಿಗಲಿ ಅಂತ ಸುಳ್ಳು ಹೇಳಿದೆ, ಗ್ಯಾಸು ಅಂದದ್ದೂ ಸುಳ್ಳು, ಕಿಟಕಿಯಲ್ಲಿ ನೋಡಿಯೂ ಓಡಿಹೋದೆ. ಅಜ್ಜಿ ಕೇಳಿಸಿಕೊಂಡರು. ಬೈಯಲಿಲ್ಲ. ನನ್ನ ತಲೆ ಮೇಲೆ ಕೈ ಇಡಲೂ ಇಲ್ಲ.

"ಅವಳ ಮುಖ ನೋಡಿದ್ರಾ ಅಜ್ಜಿ?"

ಅಜ್ಜಿ ನನ್ನ ಮುಖದ ಕಡೆ ತಿರುಗಿದರು. "ನಿಂದೇ" ಅಂದರು. "ಆದ್ರೆ ಅವಳು ಅಳ್ತಿದ್ಲು."

ಒಳಗೆ ಲೋಟದ ಸದ್ದಾಯಿತು. ಆಂಟಿ ಬರುತ್ತಿದ್ದರು. ನಾನು ಏಳಲು ಹೋದಾಗ ಅಜ್ಜಿ ದನಿ ತಗ್ಗಿಸಿದರು. "ವಸಂತಂಗೆ ಹೇಳ್ಬ್ಯಾಡ. ಅವಳು ನಿನ್ ನಂಬ್ಕೊಂಡು ಈಗ ನಿದ್ದೆ ಮಾಡ್ತಾವ್ಳೆ. ಆ ನಿದ್ದೆ ಕೆಡಿಸ್ಬ್ಯಾಡ." ಆಮೇಲೆ ಮಗ್ಗುಲಾಗುತ್ತಾ ಅಂದರು, "ನಾಳೆ ಅವಳನ್ನ ಕಳ್ಸವ್ವ."

ನಾವು ಇನ್ನೂ ಅದೇ ಮನೆಯಲ್ಲಿದ್ದೇವೆ. ಡಾಕ್ಟರು ಹೇಳಿದ ದಿನಕ್ಕೆ ತಪ್ಪದೆ ಆಂಟಿ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ರಜೆ ಇದ್ದರೆ ನಾನೂ ಹೋಗುತ್ತೇನೆ. ಅಲ್ಲಿನ ನರ್ಸುಗಳನ್ನು ಕಂಡರೆ ನನಗೆ ಕಣ್ಣೆತ್ತಿ ನೋಡುವುದಕ್ಕಾಗುವುದಿಲ್ಲ. ಯಾರೂ ಉದ್ದನೆಯ ಬಿಳಿ ಕೋಟು ಹಾಕುವುದಿಲ್ಲ, ಅಂದ ಹಾಗೆ. ಆಂಟಿಗೆ ಅದು ಇನ್ನೂ ಹೊಳೆದಿಲ್ಲ.

ಕೋಟನ್ನು ನಾವಿಬ್ಬರೂ ಮತ್ತೆ ತೊಟ್ಟಿಲ್ಲ. ಎಸೆಯುವುದಕ್ಕೂ ಧೈರ್ಯವಿಲ್ಲ. ಶಾಲು ಸುತ್ತಿಕೊಂಡೇ ಹೊರಡುತ್ತೇವೆ. ಹೊರಡುವ ಮೊದಲು ಬಾಗಿಲ ಹಿಂದೆ ಒಮ್ಮೆ ನೋಡುತ್ತೇವೆ, ಇದೆಯಾ ಅಂತ. ಬಂದ ಕೂಡಲೇ ಇನ್ನೊಮ್ಮೆ ನೋಡುತ್ತೇವೆ.

ಮನೆಯಲ್ಲಿದ್ದ ದಿನ ಸಂಜೆ ನಾನು ಕೆಳಗೆ ಹೋಗುತ್ತೇನೆ. ನಿಜವಾಗಿ ಎಣಿಸುತ್ತೇನೆ. ಅಜ್ಜಿ ಬೇಡ ಅನ್ನುವುದಿಲ್ಲ, ಕೈ ಕೊಡುತ್ತಾರೆ. ಆದರೆ ನಾನು ಒಳಗೆ ಕಾಲಿಟ್ಟಾಗೆಲ್ಲ ಅವರ ಕಣ್ಣು ಮೊದಲು ನನ್ನ ಹೆಗಲ ಹಿಂದೆ, ಬಾಗಿಲ ಕಡೆಗೆ ಹೋಗುತ್ತದೆ.

"ಅವಳು ಬರ್ಲಿಲ್ವಾ?" ಅಂತಾರೆ.

ಮೊದಮೊದಲು ಏನು ಹೇಳಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಈಗ ಬಾಯಿಗೆ ತಾನಾಗಿಯೇ ಬರುತ್ತದೆ.

"ಡ್ಯೂಟೀಲಿದ್ದಾಳೆ ಅಜ್ಜಿ" ಅನ್ನುತ್ತೇನೆ.

ಹಾಗೆ ಹೇಳಿ ಮೇಲೆ ಹತ್ತುತ್ತೇನೆ. ಕದ ತೆರೆದು, ದೀಪ ಹಾಕಿ, ಬಾಗಿಲ ಹಿಂದೆ ನೋಡುತ್ತೇನೆ. ಕೋಟು ಇರುತ್ತದೆ. ಇದುವರೆಗೂ ಇದೆ. ಯಾವತ್ತಾದರೂ ಒಂದು ದಿನ ಮೊಳೆ ಖಾಲಿ ಕಂಡರೆ ನಾನು ಕೆಳಗೆ ಓಡಬೇಕು, ಅದು ಗೊತ್ತು. ಓಡುತ್ತೇನಾ ಅಂತ ಮಾತ್ರ ಗೊತ್ತಿಲ್ಲ.